ಏಳಕ್ಕೆ ನಿಂತ ಎಣಿಕೆ

ಬ್ರ್ಯಾಂಪ್ಟನ್
17 ಜನವರಿ 2016

ಪ್ರೀತಿಯ ಮಾವ,

ಇಷ್ಟು ದೂರದಿಂದ ಕಾಲಿಗೆ ಬೀಳಲು ಆಗುವುದಿಲ್ಲ, ಬಿದ್ದೆ ಅಂತ ತಿಳಿಯಿರಿ. ಐದು ತಿಂಗಳಲ್ಲಿ ಎಷ್ಟು ಸಲ ಫೋನ್ ಮಾಡಿದೆನೋ. ಪ್ರತಿ ಸಲವೂ ಎತ್ತುವುದು ಮಾಮಿಯೇ. "ಅವರು ಈಗಷ್ಟೇ ಹೊರಗೆ ಹೋದ್ರು ಮಗಾ." "ಅವರು ಸ್ನಾನಕ್ಕೆ ಹೋಗಿದ್ದಾರೆ ಮಗಾ." ಇಡೀ ಮಂಗಳೂರಿನಲ್ಲಿ ದಿನಕ್ಕೆ ಇಷ್ಟು ಸ್ನಾನ ಮಾಡುವವರು ನೀವೊಬ್ಬರೇ ಇರಬೇಕು. ಕೊನೆಗೆ ಮೊನ್ನೆ ಮಾಮಿ, "ಕಾಗದ ಬರಿ, ಉತ್ತರ ಕೊಡ್ತಾರಂತೆ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಸಿಟ್ಟು ಯಾಕೆ ಅಂತ ಗೊತ್ತಿದೆ. ಅಮ್ಮ ಹೋದ ಮೇಲೆ ನನ್ನನ್ನು ಹನ್ನೊಂದನೇ ವಯಸ್ಸಿನಿಂದ ಸಾಕಿದವರು ನೀವು. ಮೂವತ್ತು ವರ್ಷ ಮದ್ರಾಸಿನಲ್ಲಿ, ಬೆಂಗಳೂರಿನಲ್ಲಿ ಸಿನಿಮಾದವರ ಡಬ್ಬಿಂಗಿಗೆ ಸ್ವರ ಕೊಟ್ಟ ನಿಮಗೆ, ತಂಗಿಯ ಮಗಳೂ ಮೈಕಿನ ಮುಂದೆ ನಿಲ್ಲಬೇಕು ಅಂತ ಆಸೆ ಇತ್ತು. ನಾನು ಟೊರಾಂಟೊಗೆ ಹೋಗಿ ಸೌಂಡ್ ಕೋರ್ಸು ಮಾಡುತ್ತೇನೆ ಅಂತ ಹಠ ಹಿಡಿದೆ. ಬಜಪೆ ವಿಮಾನ ನಿಲ್ದಾಣಕ್ಕೆ ನನ್ನನ್ನು ಬಿಡಲಿಕ್ಕೂ ನೀವು ಬರಲಿಲ್ಲ. ಮಾಮಿಯೊಬ್ಬರೇ ಬಂದು ಕಣ್ಣೊರೆಸಿಕೊಂಡರು. ನಿಮ್ಮ ಸ್ವರ ಕೇಳಬೇಕು ಮಾವ. ಬೈದರೂ ಅಡ್ಡಿಯಿಲ್ಲ, ಬಾಯಿಬಿಟ್ಟು ಬೈಯಿರಿ.

ಇನ್ನೊಂದು ಸುದ್ದಿ. ಇದನ್ನು ಕೇಳಿಯಾದರೂ ನಿಮ್ಮ ಮುಖದ ಗಂಟು ಬಿಚ್ಚಲಿ. ಇಲ್ಲಿ ನನಗೊಬ್ಬರು ಇಟಲಿಯ ಸಿನಿಮಾ ನಿರ್ದೇಶಕರು ಸಿಕ್ಕಿದ್ದಾರೆ. ಸಿಲ್ವಾನೊ ಬೆರ್ತೊಲಿನ್ ಅಂತ, ಎಂಬತ್ತಾರು ವರ್ಷ. ಚಿತ್ರಕಥೆ ಬರೆಯುತ್ತಿದ್ದವರೂ ಅವರೇ, ನಿರ್ದೇಶನ ಮಾಡುತ್ತಿದ್ದವರೂ ಅವರೇ. ಥಾರ್ನ್‌ಹಿಲ್‌ನಲ್ಲಿ ಇರುತ್ತಾರೆ. ವಾರಕ್ಕೆ ನಾಲ್ಕು ದಿನ ಅವರ ಹತ್ತಿರ ಹೋಗುತ್ತೇನೆ, ಮೂರು ಬಸ್ಸು ಬದಲಿಸಿ. ಬಸ್‌ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತರೆ ಮೂಗು ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳಬೇಕು, ಅಂಥ ಚಳಿ.

ಫೋನ್ ಎತ್ತಿ ಮಾವ.
ಕ್ಷಮಾ


ಬಿಜೈ, ಮಂಗಳೂರು
14 ಫೆಬ್ರವರಿ 2016

ಮಗಾ ಕ್ಷಮಾ,

ಸಿಟ್ಟೂ ಇಲ್ಲ, ಸೆಡವೂ ಇಲ್ಲ ಮಾರಾಯ್ತಿ. ಫೋನ್ ಅಂದರೆ ನನಗೀಗ ಆಗುವುದಿಲ್ಲ ಅಷ್ಟೆ. ಮೂವತ್ತು ವರ್ಷ ಮಾತಾಡಿ ಹೊಟ್ಟೆ ಹೊರೆದವನಿಗೆ ಸುಮ್ಮನಿರುವುದೇ ಪೆನ್ಶನ್ನು ಅಂತ ತಿಳಿ. ಕಾಗದದಲ್ಲಿ ಒಂದು ಸುಖ ಉಂಟು, ಎದುರಿನವರು ನಡುವೆ ಬಾಯಿ ಹಾಕುವುದಿಲ್ಲ.

ನಿನ್ನ ಸುದ್ದಿ ಓದಿ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇಟಲಿಯ ನಿರ್ದೇಶಕರೇ ಮೇಷ್ಟ್ರಾಗಿ ಸಿಕ್ಕಿದ್ದಾರೆ ಅಂದರೆ ಏನು ಕಡಿಮೆಯ ಮಾತೇ? ನಿನ್ನ ಕಾಗದವನ್ನು ಕೆಳಗಿನ ಮಹಡಿಯ ವೀರಭದ್ರಪ್ಪನವರಿಗೆ ತೋರಿಸಿದೆ. ದಾವಣಗೆರೆಯ ಮನುಷ್ಯ, ಬ್ಯಾಂಕಿನಲ್ಲಿ ಇದ್ದವರು, ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. ಎರಡು ಸಲ ಓದಿ, "ನಿಮ್ಮ ಹುಡುಗಿ ಗಟ್ಟಿ ಐತಿ ಬಿಡ್ರಿ" ಅಂದರು. ನಾನು ಬೇಡ ಎಂದೆ, ನೀನು ಹೋದೆ. ನೀನೇ ಸರಿ ಅಂತ ಈಗ ಒಪ್ಪಿಕೊಂಡೆ, ಬರೆದು ಕೊಟ್ಟಿದ್ದೇನೆ, ಇಟ್ಟುಕೋ.

ಆ ಮೇಷ್ಟ್ರನ್ನು ಒಂದು ಕೇಳು. ಅವರು ಚಿತ್ರೀಕರಣದಲ್ಲೇ ಸ್ವರ ಹಿಡಿಯುತ್ತಿದ್ದರಾ, ನಮ್ಮ ಹಾಗೆ ಆಮೇಲೆ ತುಂಬುತ್ತಿದ್ದರಾ? ಯಾವ ಯಾವ ಸಿನಿಮಾ ಮಾಡಿದ್ದಾರೆ, ಎಲ್ಲ ಬರಿ. ಕಿವಿಗೆ ಟೊಪ್ಪಿ ಹಾಕಿಕೋ.

ನಿನ್ನ ಮಾವ
ದೇರಣ್ಣ


ಬ್ರ್ಯಾಂಪ್ಟನ್
27 ಮಾರ್ಚ್ 2016

ಮಾವಾ,

ನಿಮ್ಮ ಕಾಗದವನ್ನು ಬಸ್ಸಿನಲ್ಲಿ ಓದಿ ಓದಿ ಮಡಿಕೆ ಹರಿದಿದೆ. ವೀರಭದ್ರಪ್ಪನವರಿಗೆಲ್ಲ ತೋರಿಸಬೇಡಿ, ನಾಚಿಕೆಯಾಗುತ್ತದೆ.

ನೀವು ಕೇಳಿದ್ದನ್ನು ಸಿಲ್ವಾನೊ ಅವರ ಮಗಳು ದನಿಯೇಲಾ ಹೇಳಿದರು. ಪ್ರತಿ ಭಾನುವಾರ ಬರುತ್ತಾರೆ, ಅರವತ್ತರ ಹತ್ತಿರದ ಹೆಂಗಸು, ಅಪ್ಪನ ಎದುರು ಕೋಟು ತೆಗೆಯದೆ ಕೂರುತ್ತಾರೆ. ಒಂದು ಪೆಟ್ಟಿಗೆ ತಂದು ತೋರಿಸಿದರು, ತುಂಬ ಹಳೆಯ ಪೋಸ್ಟರು. ಇಪ್ಪತ್ತನೇ ವಯಸ್ಸಿಗೆ ರೋಮ್‌ಗೆ ಹೋದ ಸಿಲ್ವಾನೊ ಮೊದಲು ಹಾಸ್ಯ ಚಿತ್ರಗಳಿಗೆ ನಗೆಮಾತು ಬರೆದರಂತೆ. ಒಂದೇ ಮೇಜಿಗೆ ಆರು ಜನ ಬರೆಯುವವರು, ತೆರೆಯ ಮೇಲೆ ಹೆಸರು ಒಬ್ಬರದು. ಆಮೇಲೆ ಜನ ಏನು ನೋಡಿದರೋ ಅದನ್ನೆಲ್ಲ ಬರೆದರು. ಕಂಬ ಕೀಳುವ ಪೈಲ್ವಾನರು, ಕುದುರೆ ಸವಾರರು, ದೆವ್ವ, ಪೊಲೀಸು, ಅಳಿಸುವ ಸಂಸಾರದ ಕಥೆ. ನಲವತ್ತಕ್ಕೂ ಹೆಚ್ಚು ಚಿತ್ರಕಥೆ, ಹನ್ನೊಂದು ನಿರ್ದೇಶನ. ಆದರೆ ಒಂದೊಂದು ಬಗೆಗೆ ಒಂದೊಂದು ಹೆಸರು ಮಾವ! ಕೌಬಾಯ್ ಚಿತ್ರಕ್ಕೆ ಸ್ಟೀವ್ ಹಾಲ್ಡನ್, ದೆವ್ವಕ್ಕೆ ಜಾರ್ಜ್ ಪೆನ್‌ರಿತ್. ಇಟಲಿಯವನು ಮಾಡಿದ್ದು ಅಂದರೆ ಜನ ಬರುವುದಿಲ್ಲ ಅಂತ ನಿರ್ಮಾಪಕರೇ ಇಂಗ್ಲಿಷ್ ಹೆಸರು ಅಂಟಿಸುತ್ತಿದ್ದರಂತೆ. ಸಿಲ್ವಾನೊ ಬೆರ್ತೊಲಿನ್ ಅನ್ನುವ ಸ್ವಂತ ಹೆಸರಿನಲ್ಲಿ ಬಂದದ್ದು ಒಂದೇ ಒಂದು, ಅದು ನಾಲ್ಕು ದಿನ ಓಡಿತು. ಕೆಲಸ ನಿಂತ ಮೇಲೆ ಇಲ್ಲಿಗೆ ಬಂದು ಅಣ್ಣನ ಜೊತೆ ಇಪ್ಪತ್ತು ವರ್ಷ ಮನೆಗಳಿಗೆ ನೆಲದ ಟೈಲ್ ಹಾಕಿದರು.

ಸ್ವರ ಎಲ್ಲ ಆಮೇಲೆಯೇ ತುಂಬುತ್ತಿದ್ದದ್ದಂತೆ. "ನಮ್ಮಪ್ಪನಿಗೆ ಐದು ಹೆಸರು. ಅದರಲ್ಲಿ ಅಪ್ಪ ಅನ್ನೋದು ಇರ್ಲಿಲ್ಲ" ಅಂದರು ದನಿಯೇಲಾ.

ಕ್ಷಮಾ


ಮಂಗಳೂರು
2 ಮೇ 2016

ಮಗಾ,

ಸ್ಟೀವ್ ಹಾಲ್ಡನ್! ಅಯ್ಯೋ ದೇವರೇ, ಕೂತಲ್ಲಿಂದ ಎದ್ದು ನಿಂತೆ. ಮಾಮಿ ಹಾವು ಬಂತೋ ಅಂತ ಓಡಿ ಬಂದಳು.

1971. ನನಗೆ ಇಪ್ಪತ್ತೆರಡು. ಹಂಪನಕಟ್ಟೆಯ ಟಾಕೀಸಿಗೆ ಒಂದು ಕೌಬಾಯ್ ಚಿತ್ರ ಬಂತು, ನಿರ್ದೇಶನ ಸ್ಟೀವ್ ಹಾಲ್ಡನ್. ಒಂಟಿಕಣ್ಣಿನ ಕುದುರೆ ವ್ಯಾಪಾರಿಯ ಕಥೆ. ನಾನು ಹನ್ನೊಂದು ಸಲ ನೋಡಿದೆ, ಕಥೆಗಾಗಿ ಅಲ್ಲ. ಬಾಯಿ ಒಂದು ಹೇಳುತ್ತಿತ್ತು, ಸ್ವರ ಇನ್ನೊಂದು ಹೇಳುತ್ತಿತ್ತು. ವ್ಯಾಪಾರಿ ಗುಂಡು ತಿಂದು ಸಾಯುವಾಗ ಅವನ ತುಟಿ ಮುಚ್ಚಿ ಆಗಿದೆ, ಸ್ವರ ಇನ್ನೂ ಉಪದೇಶ ಮಾಡುತ್ತಿದೆ! ಟಾಕೀಸಿಗೆ ಟಾಕೀಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತುಟಿಗೆ ಸರಿಯಾಗಿ ಮಾತು ಕೂರಿಸುವವನು ಒಬ್ಬ ಬೇಕಲ್ಲ ಅಂತ ಅವತ್ತು ಅನ್ನಿಸಿತು. ಮರುವರ್ಷ ಮದ್ರಾಸಿನ ರೈಲು ಹತ್ತಿದೆ. ಮುಂದಿನದ್ದು ನಿನಗೆ ಗೊತ್ತು. ಪೊಲೀಸು, ಪುರೋಹಿತ, ಕಳ್ಳ, ಭೂತ, ಎಲ್ಲರಿಗೂ ಸ್ವರ ಕೊಟ್ಟೆ. ಒಂದು ಚಿತ್ರದಲ್ಲೂ ನನ್ನ ಹೆಸರು ಬರಲಿಲ್ಲ. ನಿನ್ನ ಮೇಷ್ಟ್ರಿಗಾದರೂ ಐದು ಹೆಸರು ಇತ್ತು, ನನಗೆ ಒಂದೂ ಇರಲಿಲ್ಲ ನೋಡು.

ಅವರಿಗೆ ಹೇಳು, ನಿಮ್ಮಿಂದಾಗಿ ಒಬ್ಬನ ಹೊಟ್ಟೆಪಾಡು ನಡೆಯಿತು ಅಂತ. ಆದರೆ ಜನ ನಕ್ಕರು ಅಂತ ಮಾತ್ರ ಹೇಳಬೇಡ. ಅತ್ತರು ಅಂತ ಹೇಳು. ವಯಸ್ಸಾದ ಜೀವ, ನೊಂದುಕೊಂಡಾರು.

ಕಾಲೇಜಿನಲ್ಲಿ ಅವರು ಕಲಿಸುವಾಗ ಬರೆದುಕೊಂಡದ್ದು ಉಂಟಾದರೆ ಒಂದು ಪುಟ ಕಳಿಸು, ವೀರಭದ್ರಪ್ಪನವರು ಬೆನ್ನು ಹತ್ತಿದ್ದಾರೆ.

ದೇರಣ್ಣ


ಬ್ರ್ಯಾಂಪ್ಟನ್
23 ಅಕ್ಟೋಬರ್ 2016

ಮಾವ,

ಐದು ತಿಂಗಳು ಬರೆಯಲಿಲ್ಲ. ಬರೆಯಲು ಮುಖ ಇರಲಿಲ್ಲ. ಕಳುಹಿಸಲು ಪುಟವೂ ಇಲ್ಲ ಮಾವ, ಕಾಲೇಜೂ ಇಲ್ಲ.

ಅವರು ಮೇಷ್ಟ್ರಲ್ಲ. ಥಾರ್ನ್‌ಹಿಲ್‌ನಲ್ಲಿ ಮುದುಕರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ಇರುವವರು. ನಾನು ಅಲ್ಲಿ ಮೊದಲು ಊಟ ಬಡಿಸುತ್ತಿದ್ದೆ. ಸೌಂಡ್ ಕೋರ್ಸನ್ನು ಜನವರಿಯಲ್ಲೇ ಬಿಟ್ಟೆ. ಓದಿದ ಮೇಲೆ ಆ ಕೆಲಸ ಸಿಗುವುದು ಕಷ್ಟ ಅಂತ ಎಲ್ಲರೂ ಹೇಳಿದರು, ಆರೈಕೆಯ ಕೋರ್ಸು ಮಾಡಿದರೆ ಮರುದಿನವೇ ಕೆಲಸ. ಈಗ ಅವರಿಗೆ ಸ್ನಾನ ಮಾಡಿಸುವವಳು, ಅಂಗಿ ಹಾಕುವವಳು, ಡಯಾಪರ್ ಬದಲಿಸುವವಳು ನಾನು. ನೀವು "ಮೇಷ್ಟ್ರು" ಅಂತ ಬರೆದಾಗ ನಿಮ್ಮ ಖುಷಿ ನೋಡಿ ಸುಮ್ಮನಾದೆ. ತಪ್ಪಾಯಿತು.

ಈಗ ಸುಳ್ಳು ಬಿಟ್ಟು ಬರೆಯಲು ಕಾರಣ ಇದೆ. ಅವರ ಸ್ಥಿತಿ ನೋಡಲಾಗುತ್ತಿಲ್ಲ. ಮರೆವಿನ ಕಾಯಿಲೆ, ಇಂಗ್ಲಿಷ್ ಅಂತೂ ಪೂರ್ತಿ ಹೋಗಿದೆ. ಇಲ್ಲಿ ಪ್ರತಿ ಶಿಫ್ಟಲ್ಲೂ ನೋವು ಎಷ್ಟಿದೆ ಅಂತ ಕೇಳಿ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆಯಬೇಕು. ಯಾರು ಕೇಳಿದರೂ ಅವರು ಉತ್ತರ ಕೊಡುತ್ತಿರಲಿಲ್ಲ. ನಾನು ಹತ್ತರವರೆಗೆ ಇಟಾಲಿಯನ್ ಅಂಕಿ ಕಲಿತು ಅವರ ಭಾಷೆಯಲ್ಲೇ ಕೇಳಿದೆ. ಕೂಡಲೇ ಕಣ್ಣು ಬಿಟ್ಟು, ಊನೊ, ದೂಎ, ತ್ರೆ ಅಂತ ಶುರು ಮಾಡಿ ಸೆತ್ತೆ ಅಂದು ನಿಲ್ಲಿಸಿದರು. ಸೆತ್ತೆ ಅಂದರೆ ಏಳು. ನನ್ನ ಮುಖವನ್ನೇ ನೋಡಿದರು. ಏಳು ಅಂತ ಬರೆದೆ. "ಗುಡ್ ಜಾಬ್ ಕ್ಷಮಾ, ನೀನೊಬ್ಬಳೇ ಅವರ ಬಾಯಿ ಬಿಡಿಸಿದ್ದು" ಅಂತ ಎಲ್ಲರೂ ಹೊಗಳಿದರು.

ಮರುದಿನವೂ ಏಳು. ವಾರ ಕಳೆದರೂ ಏಳು. ಡಾಕ್ಟರು ನೋವಿನ ಮದ್ದು ಹೆಚ್ಚಿಸಿದರು, ಮತ್ತೆ ಹೆಚ್ಚಿಸಿದರು. ಈಗ ದಿನವಿಡೀ ನಿದ್ದೆ. ನಿಮ್ಮ ಟಾಕೀಸಿನ ಕಥೆ ಹೇಳಲು ನಾನೂ ದನಿಯೇಲಾ ಅವರೂ ಮೂರು ಭಾನುವಾರ ಕಾದೆವು, ಎಚ್ಚರಾಗಲೇ ಇಲ್ಲ. ಎಚ್ಚರಾದರೆ ಮತ್ತೆ ಏಳರವರೆಗೆ ಎಣಿಸಿ ನನ್ನನ್ನೇ ನೋಡುತ್ತಾರೆ. ಅಷ್ಟು ಮದ್ದಿಗೂ ಏಳು ಇಳಿಯುವುದಿಲ್ಲ ಅಂದರೆ ಒಳಗೆ ಎಂಥ ಸಂಕಟ ಇರಬೇಕು?

ಬೈದು ಬರೆಯಿರಿ. ಇಲ್ಲ, ಫೋನ್ ಮಾಡಿ ಬೈಯಿರಿ. ನಿಮ್ಮ ಸ್ವರದಲ್ಲಿ ಬೈಗುಳ ಕೇಳಿದರೆ ಸಮಾಧಾನವಾದೀತು.

ಕ್ಷಮಾ


ಮಂಗಳೂರು
15 ನವೆಂಬರ್ 2016
ಸ್ಪೀಡ್ ಪೋಸ್ಟ್

ಕ್ಷಮಾ,

ಬೈಗುಳ ಆಮೇಲೆ. ಮೊದಲು ಇದನ್ನು ಓದಿ, ಓದಿದ ಕೂಡಲೇ ನರ್ಸಿನ ಹತ್ತಿರ ಓಡು.

ಅದು ನೋವಿನ ಲೆಕ್ಕ ಅಲ್ಲ!

ನಮ್ಮ ಕಸುಬಿನ ಕಥೆ ನಿನಗೆ ಎಷ್ಟು ಸಲ ಹೇಳಿದ್ದೇನೆ, ಮರೆತೆಯಾ? ಬೊಂಬಾಯಿಯಿಂದ ಬಂದ ನಾಯಕಿಗೆ ಕನ್ನಡ ಬರುವುದಿಲ್ಲ. ಸೆಟ್ಟಿನಲ್ಲಿ ಮಾತು ಬಾಯಿಪಾಠ ಆಗುವುದಿಲ್ಲ. ಆಗ ನಿರ್ದೇಶಕ ಹೇಳುತ್ತಾನೆ, "ಅಂಕಿ ಹೇಳಮ್ಮಾ, ಅಳುತ್ತಾ ಹೇಳು." ಅವಳು ಏಕ್, ದೋ, ತೀನ್ ಅಂತ ಕಣ್ಣೀರು ಸುರಿಸುತ್ತಾಳೆ. ಆಮೇಲೆ ನಾವು ಆ ತುಟಿಗೆ ಮಾತು ತುಂಬುತ್ತೇವೆ. ಅವರಲ್ಲೂ ಸ್ವರ ಆಮೇಲೆ ತುಂಬುವುದು ಅಂತ ನೀನೇ ಬರೆದಿದ್ದೆ. ಹಾಗಾದರೆ ಈ ಪದ್ಧತಿಯೂ ಇದ್ದೇ ಇರುತ್ತದೆ.

ಒಬ್ಬ ಏಳರವರೆಗೆ ಎಣಿಸಿ ನಿಲ್ಲಿಸಿ ಎದುರಿನವರ ಮುಖ ನೋಡಿದರೆ ಏನು ಅರ್ಥ? ಅವನ ಮಾತು ಮುಗಿಯಿತು, ಇನ್ನು ನಿನ್ನ ಸರದಿ ಅಂತ. ಎಂಟರಿಂದ ನೀನು ಹೇಳಬೇಕು ಮಗಾ. ಆ ಮನುಷ್ಯ ಇಷ್ಟು ತಿಂಗಳಿಂದ ನಿನ್ನ ಉತ್ತರಕ್ಕೆ ಕಾಯುತ್ತಿದ್ದಾರೆ, ನೀನು ಮದ್ದು ಕೊಟ್ಟು ಮಲಗಿಸುತ್ತಿದ್ದೀ!

ಮಾಮಿಯ ಕೈಯಲ್ಲಿ ಫೋನಿನಲ್ಲಿ ಹೇಳಿಸೋಣ ಅಂದರೆ, ಅವಳಿಗೆ ಡಬ್ಬಿಂಗ್ ಅಂದರೆ ಅಡುಗೆಮನೆಯ ಡಬ್ಬಿ. ತಲೆಕೆಳಗು ಮಾಡಿಯಾಳು. ಅದಕ್ಕೆ ಸ್ಪೀಡ್ ಪೋಸ್ಟು.

ನೀನು ಮಾಡುತ್ತಿರುವ ಕೆಲಸದ ಬಗ್ಗೆ. ಮುದುಕರ ಮೈ ತೊಳೆಯುವುದು ಸಣ್ಣ ಕೆಲಸ ಅಂತ ಯಾರಾದರೂ ಅಂದರೆ ಅವರನ್ನು ನನ್ನ ಹತ್ತಿರ ಕಳಿಸು. ಅದರ ಬೆಲೆ ನನಗೆ ಗೊತ್ತುಂಟು. ಆದರೆ ನನಗೆ ಸುಳ್ಳು ಹೇಳಿದ್ದು ನೋವಾಯಿತು. ಮನೆಯವರ ಹತ್ತಿರ ಮುಚ್ಚಿಡಬಾರದು.

ದೇರಣ್ಣ


ಬ್ರ್ಯಾಂಪ್ಟನ್
12 ಫೆಬ್ರವರಿ 2017

ಮಾವಾ,

ನಿಮ್ಮ ಕಾಗದ ಕೈಗೆ ಬಂದದ್ದು ಡಿಸೆಂಬರ್ ಮೊದಲ ವಾರ. ಅಂದೇ ನರ್ಸಿಗೆ ಹೇಳಿದೆ. ಅವಳು ಮೊದಲು ನನ್ನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಡಾಕ್ಟರು ಬಂದು ಬೇರೆ ರೀತಿಯಲ್ಲಿ ಪರೀಕ್ಷೆ ಮಾಡಿ, ನೋವು ಅಷ್ಟೇನೂ ಇದ್ದಂತಿಲ್ಲ ಅಂತ ಮದ್ದು ಇಳಿಸುತ್ತಾ ಬಂದರು. ಒಮ್ಮೆಲೇ ನಿಲ್ಲಿಸುವಂತಿಲ್ಲವಂತೆ. ಜನವರಿ ಕೊನೆಯ ಹೊತ್ತಿಗೆ ಬೆಳಗಿನ ಹೊತ್ತು ಒಂದು ಗಂಟೆ ಎಚ್ಚರ ಇರತೊಡಗಿದರು.

ಒಂದು ದಿನ ಗಂಜಿ ತಿನ್ನಿಸಿ ಬಾಯಿ ಒರೆಸಿದೆ. ಊನೊ, ದೂಎ ಅಂತ ಶುರು ಮಾಡಿದರು. ಸೆತ್ತೆ ಅಂದರು, ನಿಂತರು, ನನ್ನನ್ನು ನೋಡಿದರು. "ಓತ್ತೊ" ಅಂದೆ. ಎಂಟು.

ಮಾವ, ಆ ಮುಖದಲ್ಲಿ ದೀಪ ಹತ್ತಿತು. ಬೆರಳು ಎತ್ತಿ ನಿಧಾನ, ನಿಧಾನ ಅಂತ ಸನ್ನೆ ಮಾಡಿದರು. ಮತ್ತೆ ಮೊದಲಿನಿಂದ ಎಣಿಸಿದರು. ನಾನು ನಿಧಾನಕ್ಕೆ ಎಂಟರಿಂದ ಹತ್ತರವರೆಗೆ ಹೇಳಿದೆ. "ಬುವೋನಾ!" ಅಂದರು. ಟೇಕ್ ಓಕೆ ಅಂತ. ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಭಾನುವಾರ ದನಿಯೇಲಾ ಎದುರು ಹಾಗೇ ಮಾಡಿ ತೋರಿಸಿದೆ. ಅವರು ಬಾಗಿಲ ಬಳಿಯೇ ನಿಂತುಬಿಟ್ಟರು. "ಎಂಟು ನನ್ನದು" ಅಂದರು. ರೋಮ್‌ನಲ್ಲಿ ಅವರು ಆರು ವರ್ಷದ ಹುಡುಗಿಯಾಗಿದ್ದಾಗ, ಅಪ್ಪ ಬೆಳಿಗ್ಗೆ ಅಡುಗೆಮನೆಯಲ್ಲಿ ಬರೆಯಲು ಕೂತು ಪ್ರತಿ ದೃಶ್ಯವನ್ನೂ ಹೀಗೆ ಮಾತಿನ ಬದಲು ಅಂಕಿ ಹೇಳಿ ಅಳೆದು ನೋಡುತ್ತಿದ್ದರಂತೆ. ಏಳರವರೆಗೆ ಅಪ್ಪ, ಎಂಟರಿಂದ ಮಗಳು. ಐವತ್ತು ವರ್ಷ ಅದನ್ನು ಮರೆತೇ ಬಿಟ್ಟಿದ್ದೆ ಅಂದರು. ಅವತ್ತು ಮೊದಲ ಸಲ ಕೋಟು ತೆಗೆದು ಕೂತರು. ಅಪ್ಪ ಎಣಿಸಿದರು, ಮಗಳು ಎಂಟು ಅಂದರು. ನಾನು ಹೊರಗೆ ಬಂದೆ.

ನಿಮ್ಮ ಟಾಕೀಸಿನ ಕಥೆಯನ್ನೂ ದನಿಯೇಲಾ ಅವರ ಭಾಷೆಯಲ್ಲಿ ಹೇಳಿದರು. ಇಂಡಿಯಾದಲ್ಲಿ ಒಬ್ಬರು ಹನ್ನೊಂದು ಸಲ ನೋಡಿದರು ಅಂದಾಗ ಸಿಲ್ವಾನೊ ಏನೋ ಕೇಳಿದರು. "ಜನ ನಕ್ಕರಾ ಅಂತ ಕೇಳ್ತಿದ್ದಾರೆ" ಅಂದರು ದನಿಯೇಲಾ. ಅತ್ತರು ಅಂತ ಹೇಳು ಅಂದಿದ್ದಿರಿ. ಆ ಕಣ್ಣು ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. ಹೌದು, ಟಾಕೀಸು ಇಡೀ ನಕ್ಕಿತು ಅಂದೆ.

ಅವರು ನಗತೊಡಗಿದರು ಮಾವ! ಕೆಮ್ಮು ಬರುವಷ್ಟು ನಕ್ಕರು. ಅವರು ಅದನ್ನು ಬರೆದದ್ದೇ ಹಾಸ್ಯವಾಗಿ ಅಂತ ದನಿಯೇಲಾ ಹೇಳಿದರು. ನಿರ್ಮಾಪಕರು ಇಂಗ್ಲಿಷಿಗೆ ಹಾಕಿಸುವಾಗ ಗಂಭೀರದ ಮಾತು ತುಂಬಿಸಿ ಅಳುವ ಚಿತ್ರ ಮಾಡಿಬಿಟ್ಟರಂತೆ. ನಕ್ಕವರು ನಿಮ್ಮ ಹಂಪನಕಟ್ಟೆಯವರು ಮಾತ್ರ ಇರಬೇಕು.

ಆದರೆ ನಾನು ಮದ್ದು ಕೊಟ್ಟು ಮಲಗಿಸಿದ ಆ ತಿಂಗಳುಗಳಲ್ಲಿ ಅವರಿಗೆ ಇದಕ್ಕಿಂತ ಹೆಚ್ಚು ನೆನಪಿತ್ತು. ಅದನ್ನು ಯಾರೂ ವಾಪಸು ಕೊಡಲಾರರು. ನನ್ನ ಮೇಲೆ ಯಾರೂ ರೇಗಲಿಲ್ಲ, ಅದೇ ಹೆಚ್ಚು ಉರಿಯುತ್ತದೆ.

ಕ್ಷಮಾ


ಮಂಗಳೂರು
20 ಮಾರ್ಚ್ 2017

ಮಗಾ,

ಓದಿ ನಕ್ಕೆ. ನನ್ನ ಭುಜ ಕುಣಿಯುವುದನ್ನು ಕಂಡು ಮಾಮಿ ನಾನು ಅಳುತ್ತಿದ್ದೇನೆ ಅಂದುಕೊಂಡು ನೀರು ತಂದಳು. ನಲವತ್ತಾರು ವರ್ಷ ನಾವು ನಕ್ಕದ್ದು ತಪ್ಪು ಅಂತ ತಿಳಿದಿದ್ದೆ ನೋಡು.

ಮದ್ದಿನ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎದುರಿಗೆ ಇದ್ದವರ ಮಾತೇ ಅರ್ಥವಾಗದ ಕಾಲ ಇದು. ನೀನು ಕೇಳಿಸಿಕೊಳ್ಳಲು ಪ್ರಯತ್ನವನ್ನಾದರೂ ಮಾಡಿದೆ.

ನನಗೆ ಸ್ವಲ್ಪ ದಿನ ಬರೆಯಲು ಆಗಲಿಕ್ಕಿಲ್ಲ. ಕಣ್ಣಿನ ಆಪರೇಶನ್ನು ಉಂಟು. ದೊಡ್ಡದೇನಲ್ಲ.

ದೇರಣ್ಣ


ಬ್ರ್ಯಾಂಪ್ಟನ್
4 ಮಾರ್ಚ್ 2018

ಮಾವ,

ವರ್ಷದಲ್ಲಿ ನಾನು ನಾಲ್ಕು ಕಾಗದ ಬರೆದೆ, ನಿಮ್ಮಿಂದ ಬಂದದ್ದು ಎರಡು ಸಾಲಿನ ಒಂದು ಕಾರ್ಡು. ಕಣ್ಣಿನ ಆಪರೇಶನ್ನಿಗೆ ಒಂದು ವರ್ಷವಾ?

ಸಿಲ್ವಾನೊ ಹೋದರು. ಫೆಬ್ರವರಿ ಹತ್ತೊಂಬತ್ತಕ್ಕೆ, ಬೆಳಿಗ್ಗೆ. ಕೊನೆಯ ವಾರ ಸ್ವರವೇ ಹೊರಡುತ್ತಿರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ನನಗೆ ತುಟಿ ನೋಡಿಯೇ ಗೊತ್ತಾಗುತ್ತಿತ್ತು, ಈಗ ಮೂರು, ಈಗ ನಾಲ್ಕು ಅಂತ. ಏಳಕ್ಕೆ ನಿಂತಾಗ ದನಿಯೇಲಾ ಎಂಟು ಅನ್ನುತ್ತಿದ್ದರು. ಅವರು ಇಲ್ಲದಾಗ ನಾನು. ಆ ದಿನ ಐದಕ್ಕೇ ನಿಂತಿತು. ನಾವಿಬ್ಬರೂ ಕಾದೆವು.

ಪತ್ರಿಕೆಗೆ ಕೊಟ್ಟ ಸಾವಿನ ಸುದ್ದಿಯಲ್ಲಿ ದನಿಯೇಲಾ ಐದೂ ಹೆಸರು ಬರೆದರು. ಪತ್ರಿಕೆಯವರು ಫೋನ್ ಮಾಡಿ, "ಐದು ಜನ ತೀರಿಕೊಂಡ್ರಾ?" ಅಂತ ಕೇಳಿದರಂತೆ. ದನಿಯೇಲಾ ಹೌದು ಅಂದರಂತೆ. ಕೆಳಗೆ ಇನ್ನೊಂದು ಸೇರಿಸಿದ್ದರು, ಅಪ್ಪ ಅಂತ.

ಅವರು ಹೋದ ಮರುದಿನ ಬೆಳಿಗ್ಗೆ ಏಳೂವರೆಗೆ, ನಿಮ್ಮಲ್ಲಿ ಸಂಜೆ ಆರು, ಬಸ್‌ಸ್ಟಾಪಿನಿಂದ ನಿಮಗೆ ಫೋನ್ ಮಾಡಿದೆ. ನನಗೆ ಬೇರೆ ಯಾರಿದ್ದಾರೆ? ರಿಸೀವರ್ ಎತ್ತಿದ ಸದ್ದು ಬಂತು. ಹಲೋ ಇಲ್ಲ. "ಮಾಮಿ?" ಅಂದೆ. ಉಸಿರು ಕೇಳಿಸಿತು. "ಮಾವ, ನೀವಾ? ಸಿಲ್ವಾನೊ ಹೋದ್ರು ಮಾವ" ಅಂದೆ. ಲೈನಿನಲ್ಲಿ ಟಕ್ ಟಕ್ ಅಂತ ಏನೋ ಗಲಾಟೆ, ಆಮೇಲೆ ಅದೂ ಇಲ್ಲ. ಅಷ್ಟು ಹೊತ್ತು ನೀವು ರಿಸೀವರ್ ಹಿಡಿದುಕೊಂಡೇ ಇದ್ದಿರಿ. ಒಂದು ಮಾತು ಆಡಲಿಲ್ಲ. ಕೊನೆಗೆ ನಾನೇ ಇಟ್ಟೆ.

ಯಾರೋ ಇಟಲಿಯ ಮುದುಕನ ಅಂಕಿಗೆ ನನಗೆ ಅರ್ಥ ಹೇಳಿಕೊಟ್ಟಿರಿ. ಅವತ್ತೂ ನೀವು ಸ್ಪೀಡ್ ಪೋಸ್ಟಿನ ಬದಲು ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಅವರಿಗೆ ಹದಿನೈದು ದಿನ ಉಳಿಯುತ್ತಿತ್ತು. ಅದಕ್ಕೂ ನಿಮ್ಮ ಹಠ ಬಿಡಲಿಲ್ಲ. ಎಂಥ ಸಿಟ್ಟು ಮಾವ ಇದು? ನಾನು ಅಷ್ಟು ದೊಡ್ಡ ತಪ್ಪು ಏನು ಮಾಡಿದೆ? ಇನ್ನು ಮುಂದೆ ನಾನು ಫೋನ್ ಮಾಡುವುದಿಲ್ಲ.

ಕ್ಷಮಾ


ಮಂಗಳೂರು
2 ಏಪ್ರಿಲ್ 2018

ನನ್ನ ಮಗಳೇ,

ಮನೆಯವರ ಹತ್ತಿರ ಮುಚ್ಚಿಡಬಾರದು ಅಂತ ನಿನಗೆ ಉಪದೇಶ ಮಾಡಿದವನು ನಾನು. ಈಗ ಕೇಳು.

ನನಗೆ ಸ್ವರ ಇಲ್ಲ ಮಗಾ. ನೀನು ಹೋದ ಹದಿನೆಂಟನೇ ದಿನಕ್ಕೆ ಗಂಟಲಿನ ಸ್ವರಪೆಟ್ಟಿಗೆ ತೆಗೆದರು. ಆ ಬೇಸಿಗೆಯಲ್ಲಿ ನನ್ನ ಗಂಟಲು ಒಡೆದು ಗೊರಗೊರ ಅನ್ನುತ್ತಿದ್ದದ್ದು ನೆನಪುಂಟಾ? ಬೈದು ಬೈದು ಹಾಗಾಯಿತು ಅಂತ ನೀನು ತಮಾಷೆ ಮಾಡಿದ್ದೆ. ಕ್ಯಾನ್ಸರು ಅಂತ ರಿಪೋರ್ಟು ಬಂದದ್ದು ನಿನ್ನ ವಿಮಾನದ ದಿನ ಬೆಳಿಗ್ಗೆ. ಬಜಪೆಗೆ ಬಂದಿದ್ದರೆ ನನ್ನ ಮುಖ ನೋಡಿಯೇ ನೀನು ಟಿಕೆಟು ಹರಿದು ಹಾಕುತ್ತಿದ್ದೆ. ಅದಕ್ಕೇ ಬರಲಿಲ್ಲ. ಈಗ ಕುತ್ತಿಗೆಯಲ್ಲಿ ಒಂದು ತೂತು, ಉಸಿರಾಟ ಅದರಲ್ಲೇ. ನೀನು ಕೇಳಿದ ಉಸಿರು ಅದೇ. ನನ್ನ ಮೈ ತೊಳೆಯುವುದು ಮಾಮಿ. ಆ ಕೆಲಸದ ಬೆಲೆ ನನಗೆ ಗೊತ್ತುಂಟು ಅಂತ ಸುಮ್ಮನೆ ಬರೆದದ್ದಲ್ಲ.

ಊರಿಗೆಲ್ಲ ಸ್ವರ ಹಂಚಿದವನು ಮೂಗನಾದ ಅಂತ ನಿನಗೆ ಹೇಳಲು ನಾಲಿಗೆ, ಅಲ್ಲ, ಪೆನ್ನು ಏಳಲಿಲ್ಲ. ನಿನ್ನ ಕಿವಿಯಲ್ಲಾದರೂ ನನ್ನ ಹಳೆಯ ಸ್ವರ ಹಾಗೇ ಇರಲಿ ಅಂತ ಆಸೆ. ಸ್ವಾರ್ಥ ಅಂತ ಬೇಕಾದರೆ ಅನ್ನು. ಮಾಮಿಯಿಂದ ಆಣೆ ಹಾಕಿಸಿಕೊಂಡಿದ್ದೆ, ಅವಳನ್ನು ಬೈಯಬೇಡ. ಆ ಹದಿನೈದು ದಿನದ ಪಾಪವೂ ನನ್ನದೇ. ಮಾಮಿಯ ಕೈಯಲ್ಲಿ ಹೇಳಿಸಬಹುದಿತ್ತು. ನೀನು ಅವಳನ್ನು ಕೆದಕಿ ಕೆದಕಿ ಕೇಳಿ ಗುಟ್ಟು ಹೊರಗೆ ಬಂದೀತು ಅಂತ ಹೆದರಿದೆ.

ಕಣ್ಣಿನ ಆಪರೇಶನ್ ಅಂದದ್ದೂ ಸುಳ್ಳು. ಕಾಯಿಲೆ ಶ್ವಾಸಕೋಶಕ್ಕೆ ಇಳಿದಿದೆ. ಇನ್ನೆಷ್ಟು ದಿನ ಅಂತ ಡಾಕ್ಟರು ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ.

ಅವತ್ತು ಸಂಜೆ ಆರಕ್ಕೆ ಮಾಮಿ ಭಜನೆಗೆ ಹೋಗಿದ್ದಳು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ನೀನೇ ಅಂತ ಗೊತ್ತಾಯಿತು, ಎತ್ತಿದೆ. ನಿನ್ನ ಅಳು ಕೇಳಿ ಎದೆ ಒಡೆಯಿತು. ಬಾಯಿ ತೆರೆದೆ, ಏನೂ ಬರಲಿಲ್ಲ. ಆಗ ಉಂಗುರದ ಬೆರಳಿನಿಂದ ರಿಸೀವರಿಗೆ ತಟ್ಟಿದೆ. ಅದು ಲೈನಿನ ಗಲಾಟೆ ಅಲ್ಲ ಮಗಾ. ಎಣಿಸಿ ಏಳು ಸಲ ತಟ್ಟಿ ನಿಲ್ಲಿಸಿದೆ.

ನೀನು ಎಂಟು ಅನ್ನುತ್ತೀ ಅಂತ ಕಾದೆ.

ದೇರಣ್ಣ


ಬ್ರ್ಯಾಂಪ್ಟನ್
29 ಏಪ್ರಿಲ್ 2018

ಮಾವಾ,

ಇದು ನಿಮ್ಮ ಕೈ ಸೇರಲು ಮೂರು ವಾರ ಬೇಕು. ಅಷ್ಟರೊಳಗೆ ನಾವು ಇಪ್ಪತ್ತು ಸಲ ಮಾತಾಡಿರುತ್ತೇವೆ. ಆದರೂ ಬರೆಯುತ್ತೇನೆ, ನೀವು ವೀರಭದ್ರಪ್ಪನವರಿಗೆ ತೋರಿಸಲು ಏನಾದರೂ ಬೇಕಲ್ಲ.

ನಿಮ್ಮ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ನಾನಿರುವ ಬೇಸ್‌ಮೆಂಟಿನ ಬಾಗಿಲು ತೆಗೆಯುವಷ್ಟು ತಾಳ್ಮೆ ಇರಲಿಲ್ಲ. ಓದಿ, ನನ್ನ ಮೇಲೆ ನನಗೇ ಅಸಹ್ಯವಾಯಿತು. ಅದೇ ತಪ್ಪನ್ನು ಎರಡು ಸಲ ಮಾಡಿದೆ. ಅವರ ಎಣಿಕೆಯನ್ನು ನೋವು ಅಂದೆ, ನಿಮ್ಮ ಎಣಿಕೆಯನ್ನು ಸಿಟ್ಟು ಅಂದೆ.

ಬರಲು ಆಗುವುದಿಲ್ಲ ಮಾವ, ಈಗಲೇ ಆಗುವುದಿಲ್ಲ. ವೀಸಾ ಮುಂದುವರಿಸಲು ಪಾಸ್‌ಪೋರ್ಟು ಕೊಟ್ಟಿದ್ದೇನೆ, ಅದು ಕೈಗೆ ಬರದೆ ಹೊರಡುವಂತಿಲ್ಲ. ಜೂನ್ ಅನ್ನುತ್ತಾರೆ, ಜುಲೈ ಅನ್ನುತ್ತಾರೆ. ಡಾಕ್ಟರನ್ನು ನೀವು ಕೇಳದಿದ್ದರೂ ಮಾಮಿ ಕೇಳಿದ್ದಾರೆ, ನನಗೆ ಹೇಳಿದ್ದಾರೆ. ನನಗೆ ಲೆಕ್ಕ ಬರುತ್ತದೆ.

ನಿನ್ನೆ ನಿಮ್ಮ ಸಂಜೆ ಆರಕ್ಕೆ ಫೋನ್ ಮಾಡಿದಾಗ ನೀವು ಎತ್ತಿದಿರಿ. ಏಳು ತಟ್ಟಿದಿರಿ, ನಿಂತಿರಿ. ನಾನು ಎಂಟು ಅಂದೆ. ಅಳು ಬಂದು ಒಂಬತ್ತು ಹೇಳಲು ಆಗಲಿಲ್ಲ. ನೀವು ಒಂದು ಸಲ ತಟ್ಟಿ ಎತ್ತಿಕೊಟ್ಟಿರಿ, ಮಾತು ಮರೆತ ನಟಿಗೆ ಮೊದಲ ಪದ ಎತ್ತಿಕೊಟ್ಟ ಹಾಗೆ. ಆಮೇಲೆ ಒಬ್ಬರ ನಂತರ ಒಬ್ಬರು ನೂರರವರೆಗೂ ಹೋದೆವು. ಬಸ್‌ಸ್ಟಾಪಿನಲ್ಲಿದ್ದ ಪಂಜಾಬಿ ಅಜ್ಜಿ "ಕೀ ಹೋಯಾ ಪುತ್?", ಏನಾಯಿತು ಮಗಾ ಅಂತ ಬೆನ್ನು ಸವರಿದರು. ನಿಮ್ಮ ಅಂಕಿಗೆ ನಾನು ಒಂದೊಂದು ಮಾತು ಕೂರಿಸಿಕೊಂಡೆ ಮಾವ, ನಿಮ್ಮ ಹಳೆಯ ಸ್ವರದಲ್ಲೇ. ಬೈದದ್ದೂ ಇತ್ತು ಅದರಲ್ಲಿ.

ದಿನಾ ನಿಮ್ಮ ಸಂಜೆ ಆರಕ್ಕೆ ಮಾಡುತ್ತೇನೆ. ನೀವು ಏಳು ತಟ್ಟಿ. ಎತ್ತಲು ಆಗದ ದಿನ ಮಾಮಿ ರಿಸೀವರನ್ನು ನಿಮ್ಮ ಕಿವಿಗೆ ಹಿಡಿಯಲಿ. ತಟ್ಟುವ ಸದ್ದು ಬಾರದ ದಿನ ಆ ಏಳನ್ನೂ ನಾನೇ ಹೇಳುತ್ತೇನೆ.

ಮಾಮಿಗೆ ಹೇಳಿಡಿ, ನಾನು ಹತ್ತು ಅನ್ನುವವರೆಗೆ ಫೋನ್ ಕೆಳಗೆ ಇಡಬಾರದು ಅಂತ.

ನಿಮ್ಮ
ಕ್ಷಮಾ